ಗಾಳಿಮರಿ

ಗಾಳಿಯೊಂದನ್ನು ಬಿಟ್ಟು ಬೇರೆ ಏನನ್ನೂ ಪುಕ್ಕಟೆ ಕೊಡದ ಊರು ಕಣವಿಹಾಳ. ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಗೇ ಊರು ಕೂತಿರುವುದರಿಂದ ಆಷಾಢದಲ್ಲಿ ಎದ್ದ ಗಾಳಿ ಶ್ರಾವಣ ಮುಗಿಯುತ್ತ ಬಂದರೂ ಕೂರುವುದಿಲ್ಲ. ಒಣಹಾಕಿದ ಸೀರೆ ಮುಂದಿನ ಓಣಿಯಲ್ಲಿ ಸಿಗುತ್ತದೆ. ಆಡಿದ ಮಾತು ಅರ್ಧ ಗಾಳಿಪಾಲಾಗುತ್ತದೆ, ಅದಕ್ಕೇ ಇಲ್ಲಿಯವರ ದನಿ ದೊಡ್ಡದು. ಹೊಸದಾಗಿ ಬಂದವರು ಊರೆಲ್ಲ ಜಗಳಾಡುತ್ತಿದೆ ಎಂದೇ ತಿಳಿಯುತ್ತಾರೆ. ಹಿಂದಿನವರು ಈ ಗಾಳಿಯನ್ನು ಬೈದುಕೊಂಡೇ ಬದುಕಿದರು. ಈಗಿನವರು ಅದರಿಂದ ಗೊಬ್ಬರ ಮಾಡುತ್ತಾರೆ.

ಇದು ಮಾತಿನ ಚಮತ್ಕಾರವಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳಿಂದ ವಿದ್ಯುತ್ತು ಬರುತ್ತದೆ. ಆ ವಿದ್ಯುತ್ತು ನೀರನ್ನು ಒಡೆದು ಜಲಜನಕವನ್ನು ಬೇರೆ ಮಾಡುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ಧಾರಾಳವಾಗಿ ಬಿದ್ದಿರುವ ಸಾರಜನಕವನ್ನು ಸೋಸಿ ತೆಗೆದು, ಎರಡನ್ನೂ ಒಂದು ಉಕ್ಕಿನ ಹೊಟ್ಟೆಯೊಳಗೆ ಕೂಡಿಸಿದರೆ ಅಮೋನಿಯಾ. ವಿದ್ಯೆ ನೂರು ವರ್ಷಕ್ಕೂ ಹಳೆಯದು. ಆದರೆ ಹಿಂದೆಲ್ಲ ಜಲಜನಕಕ್ಕೆ ನೆಲದೊಳಗಿನ ಅನಿಲ ಬೇಕಿತ್ತು, ಎಲುಬು ಪುಡಿಯಾಗುವಂಥ ಒತ್ತಡ ಬೇಕಿತ್ತು, ಊರಷ್ಟು ದೊಡ್ಡ ಕಾರ್ಖಾನೆ ಬೇಕಿತ್ತು. ಒಂದು ಟನ್ನು ಅಮೋನಿಯಾ ಮಾಡಿದರೆ ಎರಡು ಟನ್ನಿನಷ್ಟು ಇಂಗಾಲದ ಹೊಗೆ ಆಕಾಶಕ್ಕೆ ಹೋಗುತ್ತಿತ್ತು. ಇದನ್ನೇ ಕಡಿಮೆ ಒತ್ತಡದಲ್ಲಿ, ಹೊಗೆಯಿಲ್ಲದೆ, ಒಂದು ಒಕ್ಕಣೆ ಕಣದಷ್ಟು ಜಾಗದಲ್ಲಿ ಮಾಡಿಕೊಡುವ ವೇಗವರ್ಧಕ ಸಿಕ್ಕರೆ ಹೇಗೆ ಎಂದು ಯಾರೋ ತಲೆ ಕೆಡಿಸಿಕೊಂಡರು. ಸಿಕ್ಕಿತು. ನೋಡಲು ಸಜ್ಜೆಕಾಳಿನ ಹಾಗೆ ಇರುವ ಬೂದು ಬಣ್ಣದ ಕಾಳುಗಳು. ಅವಕ್ಕೆ ಇರುವುದು ಒಂದೇ ಹಟ: ಸದಾ ಬೆಚ್ಚಗಿರಬೇಕು. ನಿಧಾನವಾಗಿ ಆರಿಸಿದರೆ ತಕರಾರಿಲ್ಲ. ದಿಢೀರನೆ ತಣ್ಣಗಾದರೆ ಬಿರಿದು ಹಿಟ್ಟಾಗುತ್ತವೆ. ಹೊಸ ಕಾಳು ಬೇಕೆಂದರೆ ಸರದಿ ಹಿಡಿದು ಕೂರಬೇಕು, ಅಷ್ಟರಲ್ಲಿ ಎರಡು ಹಂಗಾಮು ಕೈಬಿಟ್ಟು ಹೋಗಿರುತ್ತವೆ.

ಕಣವಿಹಾಳದವರು ಹೆಸರಿಡುವುದರಲ್ಲಿ ಎತ್ತಿದ ಕೈ. ಅಮೋನಿಯಾಕ್ಕೆ ಅವರು ಗಾಳಿಗೊಬ್ಬರ ಎಂದರು. ಕಾಳು ತುಂಬಿದ ಉಕ್ಕಿನ ಹೊಟ್ಟೆ ಅವರಿಗೆ ಒಲೆ. ಕ್ರಮೇಣ ಇಡೀ ಘಟಕವೇ ಒಲೆಯಾಯಿತು. ಸೋರಿಕೆ ಪತ್ತೆ ಮಾಡಲು ಕೊಳವೆಯ ಉದ್ದಕ್ಕೂ ಕೂರಿಸಿದ ಉಪಕರಣಗಳು ಮೂಗುಗಳು. ಒಲೆಯ ಗಾಳಿಗೊಬ್ಬರವನ್ನೇ ನೀರಿಗೆ ಬೆರೆಸಿ ಹೊಲಕ್ಕೆ ಬಿಡುತ್ತಾರೆ, ಅದನ್ನೇ ಕುಡಿದು ಟ್ರ್ಯಾಕ್ಟರುಗಳು ಓಡುತ್ತವೆ, ಗಾಳಿ ಸುಮ್ಮನಾದ ದಿನ ಊರಿನ ದೀಪ ಉರಿಯುವುದೂ ಅದರಿಂದಲೇ. ಸುತ್ತಲಿನ ಹಳ್ಳಿಗಳೆಲ್ಲ ಈ ಒಂದು ಒಲೆಯನ್ನು ನಂಬಿಕೊಂಡಿದ್ದವು.

ಒಲೆಯ ಉಸ್ತುವಾರಿ ಸರ್ವಮಂಗಳೆಯದು. ತಿಪಟೂರಿನ ಹುಡುಗಿ, ರಸಾಯನ ಎಂಜಿನಿಯರು, ಕೆಲಸಕ್ಕೆಂದು ಬಂದು ಇದೇ ಊರಿನ ಫಕೀರೇಶನನ್ನು ಮದುವೆಯಾಗಿ ಇಲ್ಲೇ ನಿಂತವಳು. ಇಲ್ಲಿಯ ಕನ್ನಡ ಅವಳಿಗೆ ಮುಕ್ಕಾಲು ಅರ್ಥವಾಗುತ್ತಿತ್ತು. ಉಳಿದ ಕಾಲು ಭಾಗವನ್ನು ಕೇಳಲು ನಾಚಿಕೆಯಾಗಿ ತಾನೇ ಊಹಿಸಿಕೊಳ್ಳುತ್ತಿದ್ದಳು. ಉದಾಹರಣೆಗೆ, ಓಣಿಯ ಗಂಡಸರು ಆಗಾಗ "ಗಾಳಿಮರಿ ಕಡೆ ಹೋಗಿದ್ವಿ" ಎನ್ನುವುದನ್ನು ಕೇಳಿದ್ದಳು. ಗುಡ್ಡದ ತುದಿಯಲ್ಲಿ ದೊಡ್ಡ ಗಾಳಿಯಂತ್ರಗಳ ಪಕ್ಕ ಒಂದು ಗಿಡ್ಡ ಗಾಳಿಯಂತ್ರವಿತ್ತು. ಕುರಿಗೆ ಮರಿ ಇದ್ದಂತೆ ಗಾಳಿಯಂತ್ರಕ್ಕೂ ಮರಿ, ಎಷ್ಟು ಚಂದ ಹೆಸರಿಟ್ಟಿದ್ದಾರೆ ಎಂದು ಅವಳು ಮೆಚ್ಚಿಕೊಂಡಿದ್ದಳು. ಯಾರನ್ನೂ ಕೇಳಿರಲಿಲ್ಲ.

ಆ ದಿನದ ಕಥೆ ಶುರುವಾದದ್ದು ಬೆಳಗಿನ ಚಹಾದ ಹೊತ್ತಿಗೆ, ಅತ್ತೆ ನೀಲಗಂಗವ್ವ ಅಟ್ಟದಿಂದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿದಾಗ. ನಾದಿನಿ ಕಾಶವ್ವನ ಕುಬಸ ಹತ್ತಿರ ಬಂದಿತ್ತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಊರಿಗೆಲ್ಲ ಗೋಧಿ ಹುಗ್ಗಿ. ಆ ಹುಗ್ಗಿ ಸ್ಟೀಲಿನ ಪಾತ್ರೆಯಲ್ಲಿ ಬೇಯುವುದು ನೀಲಗಂಗವ್ವ ಬದುಕಿರುವ ತನಕ ಸಾಧ್ಯವಿರಲಿಲ್ಲ.

"ಸ್ಟೀಲಿನ್ಯಾಗ ತಳಾ ಹತ್ತತೈತಿ," ಎಂದಳು ನೀಲಗಂಗವ್ವ, ನೀಲಿ ಹಸಿರು ಕಲೆ ಹತ್ತಿದ್ದ ಅಗಲ ಬಾಯಿಯ ದೊಡ್ಡ ಪರಾತವನ್ನು ಸೊಸೆಯ ಮುಂದೆ ಹಿಡಿದು. "ನೋಡಿದ್ಯಾ, ನಿನ್ನ ಒಲಿ ನನ್ನ ತವರುಮನಿ ಪರಾತ ಏನ್ ಮಾಡೇತಿ!"

ತಪ್ಪು ಒಲೆಯದಾಗಿರಲಿಲ್ಲ. ಹಿಂದಿನ ವರ್ಷ ಊರಿನ ಹೆಂಗಸರು ಗಾಳಿಗೊಬ್ಬರದ ನೀರಿನಲ್ಲಿ ಪಾತ್ರೆ ತಿಕ್ಕುವುದನ್ನು ಕಂಡುಹಿಡಿದಿದ್ದರು. ಸ್ಟೀಲು ಫಳಫಳ ಹೊಳೆಯಿತು. ಆ ಹುರುಪಿನಲ್ಲಿ ನೀಲಗಂಗವ್ವ ಹಿತ್ತಾಳೆಯನ್ನೂ ಅದರಲ್ಲೇ ನೆನೆಹಾಕಿದಳು. ತಾಮ್ರ ಇರುವ ಯಾವುದನ್ನೂ ಅಮೋನಿಯಾ ಸುಮ್ಮನೆ ಬಿಡುವುದಿಲ್ಲ ಎಂದು ಸೊಸೆ ಬಂದು ಹೇಳುವಷ್ಟರಲ್ಲಿ ಪಾತ್ರೆಗಳು ನವಿಲಿನ ಬಣ್ಣಕ್ಕೆ ತಿರುಗಿದ್ದವು. ಅಂದಿನಿಂದ ಒಲೆಯ ಮೇಲೆ ನೀಲಗಂಗವ್ವನಿಗೆ ಸಣ್ಣದೊಂದು ಹಗೆ ಇತ್ತು.

"ಕಲಾಯಿ ದಾವಲಸಾಬ ಇವತ್ತ ಬರ್ತಾನ. ತಿಕ್ಕಿ, ಒಳಗ ತವರದ ಕಲಾಯಿ ಹಾಕಿಸಿದ್ರ ಮತ್ತ ಹೊಸಾವ ಆಗ್ತಾವ. ಬಾಗಲಾ ಮುಂದನ ಭಟ್ಟಿ ಹೂಡಸ್ತೀನಿ."

ಮಂಗಳೆ ಚಪ್ಪಲಿ ಮೆಟ್ಟುತ್ತಿದ್ದಳು. ಮನಸ್ಸು ಆಗಲೇ ಒಲೆಯ ಹತ್ತಿರ ಹೋಗಿತ್ತು. ಗೋವಿನಜೋಳಕ್ಕೆ ಮೇಲುಗೊಬ್ಬರ ಕೊಡುವ ವಾರ ಅದು, ತೊಟ್ಟಿ ತುಂಬಿ ನಿಂತಿತ್ತು, ಮಧ್ಯಾಹ್ನದಿಂದ ಹಳ್ಳಿಗಳಿಗೆ ಹಂಚಬೇಕಿತ್ತು.

"ಬಾಗಿಲ ಮುಂದೆ ಬೇಡ ಅತ್ತೆ. ಈ ಗಾಳಿಗೆ ಕಿಡಿ ಹಾರಿ ಬಣವೆ ಹತ್ಕೊಂಡ್ರೆ ಏನು ಗತಿ? ಎಲ್ಲಾದ್ರೂ ಗಾಳಿ ಮರೇಲಿ ಮಾಡಿಸ್ಕೊಳ್ಳಿ."

"ಗಾಳಿಮರ್ಯಾಗ?" ನೀಲಗಂಗವ್ವ ಒಮ್ಮೆ ನಿಂತು ನೋಡಿದಳು. "ಅಲ್ಲಿ ನಡೀತೈತೇನು?"

"ಹೂಂ, ಗಾಳಿ ಮರೇಲಾದ್ರೆ ಏನೂ ತೊಂದರೆ ಇಲ್ಲ."

"ನೀನ ಹೇಳಿದ ಮ್ಯಾಲ ನಂದೇನೈತಿ," ಎಂದು ನೀಲಗಂಗವ್ವ ಪರಾತವನ್ನು ಚೀಲಕ್ಕೆ ತುರುಕಿದಳು.

ನಿಯಂತ್ರಣ ಕೊಠಡಿಯಲ್ಲಿ ಆ ಹೊತ್ತು ಎಲ್ಲವೂ ಮಂಗಳೆಗೆ ಬೇಕಾದ ಹಾಗೇ ಇತ್ತು. ಗಾಳಿ ಜೋರು, ಒಲೆ ಬೆಚ್ಚಗೆ, ತೊಟ್ಟಿ ಭರ್ತಿ. ಪರದೆಯ ಮೇಲೆ ಘಟಕದ ನಕ್ಷೆ ಹರಡಿಕೊಂಡಿತ್ತು. ತೊಟ್ಟಿಯಿಂದ ಹೊರಟ ಕೊಳವೆ ಊರಿನ ಅಂಚಿನವರೆಗೆ ಹೋಗಿ, ಟ್ರ್ಯಾಕ್ಟರುಗಳಿಗೆ ತುಂಬಿಸುವ ಜಾಗದಲ್ಲಿ ಮುಗಿಯುತ್ತಿತ್ತು. ಆ ಜಾಗದ ಹೆಸರು ನಕ್ಷೆಯಲ್ಲಿ ನಾಲ್ಕನೇ ವಾಲ್ವ್. ಗಾಳಿಗೆ ತುಂಬಿಸುವ ಕೊಳವೆ ತೂಗಾಡುತ್ತದೆಂದು ಅಲ್ಲಿ ಆಳೆತ್ತರಕ್ಕಿಂತ ತುಸು ಎತ್ತರದ, ಎರಡೂ ಮಗ್ಗುಲಿಗೆ ಗಾಳಿ ತಡೆಯುವ ಹಾಗೆ ಬಾಗಿದ ಒಂದು ಗೋಡೆ ಕಟ್ಟಿದ್ದರು. ಗೋಡೆಯ ತಲೆಯ ಮೇಲೆ ಒಂದು ಮೂಗು ಮತ್ತು ಒಂದು ಧ್ವನಿವರ್ಧಕ, ಈಚೆ ಕಂಬದ ಮೇಲೆ ಒಂದು ಕ್ಯಾಮೆರಾ.

ನಾಲ್ಕನೇ ಮೂಗು ಕೆಂಪಾಯಿತು.

ಮಂಗಳೆ ಮೊದಲು ನಂಬಲಿಲ್ಲ. ಅಂಕೆ ಏರುತ್ತಲೇ ಹೋಯಿತು. ತನ್ನಷ್ಟಕ್ಕೆ ತಾನೇ ಅಪಾಯದ ಭೋಂಗಾ ಕೂಗಲು ಶುರುವಾಯಿತು. ಕ್ಯಾಮೆರಾದಲ್ಲಿ ನೋಡಿದರೆ ಗೋಡೆಯ ಆಚೆಯಿಂದ ಹಾಲಿನಂಥ ಬಿಳಿ ಹೊಗೆ ಏಳುತ್ತಿತ್ತು. ಅಮೋನಿಯಾ ಸ್ವಲ್ಪವಿದ್ದರೆ ಕಣ್ಣುರಿ, ಹೆಚ್ಚಾದರೆ ಉಸಿರೇ ನಿಲ್ಲುತ್ತದೆ.

ಹುಬ್ಬಳ್ಳಿಯ ಕೇಂದ್ರ ಕೊಠಡಿಯಿಂದ ನಾಡಿಗೇರರ ದನಿ ಬಂತು. ಸುತ್ತಲಿನ ಜಿಲ್ಲೆಗಳ ಒಲೆಗಳನ್ನೆಲ್ಲ ಕೂತಲ್ಲಿಂದಲೇ ಕಾಯುವ ಹಿರಿಯ ಅಧಿಕಾರಿ ಅವರು. ಸಮಾಧಾನದ ಮನುಷ್ಯ, ಅವರ ದನಿ ಏರಿದ್ದನ್ನು ಯಾರೂ ಕೇಳಿರಲಿಲ್ಲ.

"ಮಂಗಳಾ ಅವರ, ನಾಕನೇ ನಂಬರಿನ್ಯಾಗ ಏನ ನಡದದ? ಮೊದಲ ಲೈನ್ ಬಂದ್ ಮಾಡ್ರಿ."

"ಮಾಡಿದೆ ಸರ್. ಎರಡೂ ಕಡೆ ಮುಚ್ಚಿದ್ದೀನಿ."

ಕೊಳವೆ ಮುಚ್ಚಿದರೆ ಸೋರಿಕೆ ಇಳಿಯಬೇಕು. ಇಬ್ಬರೂ ಅಂಕೆಯನ್ನೇ ನೋಡುತ್ತ ಕೂತರು. ಇಳಿಯಲಿಲ್ಲ. ಬಿಳಿ ಹೊಗೆ ಇನ್ನಷ್ಟು ದಟ್ಟವಾಯಿತು.

"ಅಂದ್ರ ವಾಲ್ವೇ ಕೂತಿಲ್ಲ," ಎಂದರು ನಾಡಿಗೇರರು. "ತೊಟ್ಟಿಯಿಂದ ನೇರ ಹೊಂಟದ. ಇನ್ನ ಮುಳುಗಸೂದೊಂದ ದಾರಿ. ನಿಯಮ ನಿಮಗೂ ಗೊತ್ತದ."

ಗೊತ್ತಿತ್ತು. ಮುಳುಗಿಸುವುದು ಎಂದರೆ ತೊಟ್ಟಿಯಲ್ಲಿದ್ದ ಅಷ್ಟೂ ಅಮೋನಿಯಾವನ್ನು ಕೆಳಗಿನ ನೀರಿನ ಹೊಂಡಕ್ಕೆ ಇಳಿಸಿಬಿಡುವುದು. ನೀರು ಅದನ್ನು ಗಟಗಟ ಕುಡಿದುಬಿಡುತ್ತದೆ, ಜನ ಉಳಿಯುತ್ತಾರೆ. ಆದರೆ ಅದರ ಜೊತೆಗೇ ಒಲೆಯೂ ನಿಲ್ಲುತ್ತದೆ, ಕಾಳು ದಿಢೀರನೆ ತಣ್ಣಗಾಗುತ್ತವೆ, ಬಿರಿಯುತ್ತವೆ. ಮೊಣಕಾಲೆತ್ತರ ಬಂದು ಬಾಯಿ ತೆರೆದು ನಿಂತಿದ್ದ ಗೋವಿನಜೋಳಕ್ಕೆ ಈ ವರ್ಷ ಗೊಬ್ಬರವಿಲ್ಲ, ಹಿಂಗಾರಿಗೂ ಇಲ್ಲ. ಹಾಗೆ ಆರಿದ ಒಲೆಯನ್ನು ಮತ್ತೆ ಅದೇ ಊರಿನಲ್ಲಿ ಹೂಡಲು ಮೇಲಿನವರು ಒಪ್ಪುತ್ತಾರೆಂಬ ಭರವಸೆಯೂ ಇರಲಿಲ್ಲ.

ಕಿಟಕಿಯ ಆಚೆ ಊರು ಓಡುತ್ತಿತ್ತು. ಓಡುತ್ತಿತ್ತು ಎನ್ನುವುದಕ್ಕಿಂತ ಕಲಿಸಿಕೊಟ್ಟ ಹಾಗೆ ನಡೆಯುತ್ತಿತ್ತು: ಮೂಗಿಗೆ ಒದ್ದೆ ಬಟ್ಟೆ, ಗಾಳಿಗೆ ಎದುರಾಗಿಯೂ ಅಲ್ಲ, ಬೆನ್ನಾಗಿಯೂ ಅಲ್ಲ, ಅಡ್ಡಲಾಗಿ, ಶಾಲೆಯ ದಿಬ್ಬದ ಕಡೆಗೆ. ಒಬ್ಬಾಕೆ ಕಂಕುಳಲ್ಲಿ ಕೋಳಿ ಹಿಡಿದುಕೊಂಡಿದ್ದಳು. ಕೋಳಿಯ ಮೂತಿಗೂ ಒದ್ದೆ ಬಟ್ಟೆ ಕಟ್ಟಿದ್ದಳು.

ಮಂಗಳೆಯ ಫೋನು ರಿಂಗಣಿಸಿತು. ಗಂಡ ಫಕೀರೇಶ, ದಿಬ್ಬದ ಮೇಲಿಂದ.

"ಎಲ್ಲಾರೂ ಬಂದಾರ. ಅವ್ವ ಒಬ್ಬಾಕಿ ಬಂದಿಲ್ಲ. ಫೋನ್ ಮನ್ಯಾಗ ಬಿಟ್ಟ ಹೋಗ್ಯಾಳ. ದಾವಲಸಾಬನ ಕೂಡ ಗಾಳಿಮರಿಗೆ ಹೋಗ್ಯಾಳಂತ."

ಮಂಗಳೆಗೆ ಹೋದ ಜೀವ ಬಂದಂತಾಯಿತು. "ಸದ್ಯ! ಗುಡ್ಡದ ಮೇಲೆ ತಾನೇ? ಅಲ್ಲಿ ಏನೂ ಆಗಲ್ಲ ಬಿಡಿ."

"ಯಾ ಗುಡ್ಡ?"

"ಗಾಳಿಮರಿ. ಆ ಗಿಡ್ಡ ಫ್ಯಾನ್ ಇದೆಯಲ್ಲ..."

"ಏನ್ ಮಾತಾಡಾಕತ್ತೀ ನೀ? ಗಾಳಿಮರಿ ಅಂದ್ರ ನಿಮ್ಮ ಟ್ರ್ಯಾಕ್ಟರ್ ತುಂಬಸೋ ಜಾಗಾ. ಆ ಗ್ವಾಡಿ. ಊರಾಗ ಗಾಳಿ ಹತ್ತಲಾರದ ಜಾಗಾ ಅದೊಂದ ಅಲ್ಲೇನು?"

ಗಾಳಿಯ ಮರೆ. ಇವರ ಬಾಯಲ್ಲಿ ಮರೆ ಮರಿಯಾಗುತ್ತದೆ. ಮನೆ ಮನಿಯಾದ ಹಾಗೆ, ಒಲೆ ಒಲಿಯಾದ ಹಾಗೆ. ಇಷ್ಟು ದಿನ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗೋಡೆ ಕಟ್ಟಿದ ದಿನದಿಂದ ಅದರ ಆಚೆ ಮಗ್ಗುಲಲ್ಲಿ ಕೂತು ಊರಿನವರು ಬೀಡಿ ಹಚ್ಚಿದ್ದರು, ಇಸ್ಪೀಟು ಎಲೆ ಆಡಿದ್ದರು, ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. ನಕ್ಷೆಗೆ ಮಾತ್ರ ಆ ಹೆಸರು ಬಂದಿರಲಿಲ್ಲ. ಎಲ್ಲಾದ್ರೂ ಗಾಳಿ ಮರೇಲಿ ಮಾಡಿಸ್ಕೊಳ್ಳಿ ಎಂದವಳು ತಾನು. ಹೂಂ, ತೊಂದರೆ ಇಲ್ಲ ಎಂದವಳೂ ತಾನೇ. ಅತ್ತೆಯನ್ನು ಕೈ ಹಿಡಿದು ಸೋರುವ ಕೊಳವೆಯ ಪಕ್ಕ ಕೂರಿಸಿ ಬಂದಿದ್ದಳು.

ಅವಳಿಗೆ ಅಳು ಬಂತು. ಪರದೆಯ ಮೇಲಿನ ಬಿಳಿ ಹೊಗೆಯನ್ನು ನೋಡುತ್ತ ಅಲ್ಲಿ ಬಿದ್ದಿರಬಹುದಾದ ದೇಹವನ್ನು ಕಣ್ಣು ಹುಡುಕುತ್ತಿತ್ತು.

"ಯಾರರ ಇದ್ದಾರೇನ್ರಿ ಅಲ್ಲಿ?" ನಾಡಿಗೇರರು ಕೇಳಿದರು. ಫೋನಿನ ಮಾತು ಅವರಿಗೂ ಕೇಳಿಸಿತ್ತು.

"ನಮ್ಮತ್ತೆ ಸರ್. ನಮ್ಮತ್ತೆ ಇದ್ದಾರೆ ಅಲ್ಲಿ."

"ಹಂಗಾದ್ರ ಇನ್ನ ವಿಚಾರ ಮಾಡೂದ ಏನೂ ಉಳದಿಲ್ಲ. ಮುಳುಗಸ್ತೀನಿ."

ಆಗಲೇ ಅವಳಿಗೆ ಹೊಗೆ ಕಂಡಿತು. ಇಷ್ಟು ಹೊತ್ತು ನೋಡುತ್ತಲೇ ಇದ್ದಳು, ಈಗ ಕಂಡಿತು. ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಗೋಡೆಯ ತಲೆ ಮುಟ್ಟುವವರೆಗೂ ಊದುಬತ್ತಿಯ ಹೊಗೆಯಂತೆ ಏರಿ, ಅಲ್ಲಿ ಗಾಳಿಯ ಕೈಗೆ ಸಿಕ್ಕು ಚೆಲ್ಲಾಪಿಲ್ಲಿಯಾಗುತ್ತಿತ್ತು. ಕೊಳವೆಯೊಳಗಿನ ಅಮೋನಿಯಾ ಕೊರೆಯುವ ತಣ್ಣನೆಯ ದ್ರವ. ಅದು ಹೊರಬಿದ್ದರೆ ಮಂಜಾಗಿ ನೆಲ ಹಿಡಿದು ಹರಿಯಬೇಕು, ಮೊದಲು ಮನುಷ್ಯರ ಕಾಲು ಮುಟ್ಟಬೇಕು. ಇದು ಬಿಸಿ ಹೊಗೆ.

ಬಿಸಿ ಹೊಗೆ. ಭಟ್ಟಿ. ಕಲಾಯಿ. ನವಸಾಗರ!

ತಿಪಟೂರಿನಲ್ಲಿ ಅವಳ ಅಜ್ಜಿಯ ಮನೆ ಮುಂದೆಯೂ ಕಲಾಯಿಯವನು ಬರುತ್ತಿದ್ದ. ಕಾದ ಪಾತ್ರೆಯೊಳಗೆ ಬಿಳಿ ಪುಡಿ ಎರಚಿ ಅರಳೆಯಿಂದ ತಿಕ್ಕಿದರೆ ಭುಸ್ಸೆಂದು ಹೊಗೆ ಏಳುತ್ತಿತ್ತು, ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಕಿರುಚುತ್ತಿದ್ದರು. ಆ ಪುಡಿ ನವಸಾಗರ. ಅಮೋನಿಯಾ ಒಂದು ಆಮ್ಲದ ಜೊತೆ ಸೇರಿ ಉಪ್ಪಾಗಿ ಕೂತಿರುವುದೇ ಅದು. ಬಿಸಿ ತಗುಲಿದರೆ ಇಬ್ಬರೂ ಬೇರೆಯಾಗುತ್ತಾರೆ, ಮೇಲೆ ಹೋಗಿ ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತಾರೆ. ಥೇಟು ಜಗಳವಾಡಿದ ಗಂಡಹೆಂಡಿರ ಹಾಗೆ. ಅವರು ಬೇರೆಯಾಗಿದ್ದ ಹೊತ್ತಿನಲ್ಲಿ ಪಕ್ಕದಲ್ಲಿ ಒಂದು ಮೂಗು ಇದ್ದರೆ ಅದು ಅಮೋನಿಯಾ ಎಂದು ಬೊಬ್ಬೆ ಹೊಡೆಯದೆ ಇನ್ನೇನು ಮಾಡೀತು? ಕೊಳವೆ ಮುಚ್ಚಿದರೂ ಅಂಕೆ ಇಳಿಯಲಿಲ್ಲವಲ್ಲ, ಏಕೆ ಇಳಿದೀತು?

"ಸರ್, ತಡೀರಿ! ಅದು ಸೋರಿಕೆ ಅಲ್ಲ, ಕಲಾಯಿ!"

"ಏನದು?"

ಅವಳು ಹೇಳಿದಳು. ಉಸಿರು ಕಟ್ಟಿ, ತಡವರಿಸಿ, ಪರಾತದಿಂದ ಹಿಡಿದು ಗೋಡೆಯವರೆಗೆ ಎಲ್ಲ ಹೇಳಿದಳು. ನಾಡಿಗೇರರು ಕೇಳಿಸಿಕೊಂಡರು.

"ನೀವು ಹೇಳೂದು ಖರೇ ಇರಬಹುದು. ಖರೇ ಇಲ್ಲಂದ್ರ ನಿಮ್ಮತ್ತಿ ಸಾಯ್ತಾರ. ಊಹಾದ ಮ್ಯಾಲ ನನಗ ಕೈ ತಡಿಯಾಕ ಬರೂದಿಲ್ಲ. ಕಣ್ಣಿಗೆ ಕಂಡದ್ದ ಏನರ ತೋರಸ್ರಿ. ಬೇಗ."

ಗೋಡೆಯ ಆಚೆಗೆ ಕ್ಯಾಮೆರಾ ಹೋಗುವುದಿಲ್ಲ. ಸ್ಕೂಟರಿನಲ್ಲಿ ಹೋಗಿ ನೋಡುವಷ್ಟು ಹೊತ್ತನ್ನು ನಿಯಮ ಕೊಡುವುದಿಲ್ಲ. ಅವಳು ಒಬ್ಬಳೇ ಒಂದು ಕಡೆ ಅತ್ತೆಯ ಜೀವವನ್ನೂ ಇನ್ನೊಂದು ಕಡೆ ಊರಿನ ಒಲೆಯನ್ನೂ ಹಿಡಿದುಕೊಂಡು ನಿಂತಂತಾಯಿತು. ತನ್ನ ರಸಾಯನಶಾಸ್ತ್ರ ತಪ್ಪಿರಬಹುದೇ? ಹೊಗೆ ಮೇಲೆ ಹೋಗುತ್ತಿರುವುದು ನಿಜವೇ ಅಥವಾ ತನಗೆ ಹಾಗೆ ಬೇಕಾಗಿದೆಯೇ? ಆಗ ಗೋಡೆಯ ತಲೆಯ ಮೇಲಿದ್ದ ಧ್ವನಿವರ್ಧಕ ಕಣ್ಣಿಗೆ ಬಿತ್ತು. ಅವಳು ಭೋಂಗಾ ನಿಲ್ಲಿಸಿ ಮೈಕಿನ ಗುಂಡಿ ಒತ್ತಿದಳು. ಗಡಿಬಿಡಿಯಲ್ಲಿ ನಾಲ್ಕನೆಯದನ್ನು ಮಾತ್ರ ಒತ್ತುವ ಬದಲು ಎಲ್ಲವನ್ನೂ ಒತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಅತ್ತೆ! ಅತ್ತೇ! ನಾನು ಮಂಗಳ! ಎಲ್ಲಿ ಹೋಗಿ ಕೂತಿದ್ದೀರಿ ನೀವು? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ ನಿಮಗೆ? ಗ್ಯಾಸಿನ ಪೈಪ್ ಪಕ್ಕ ಬೆಂಕಿ ಹಾಕ್ಕೊಂಡು ಕೂರ್ತಾರಾ ಯಾರಾದ್ರೂ? ಇಡೀ ಊರು ಓಡಿಹೋಗಿದೆ, ಭೋಂಗಾ ಕೇಳಿಸ್ಲಿಲ್ವಾ? ಉಸಿರು ಕಟ್ತಾ ಇದ್ರೆ ಎಲ್ಲಾ ಬಿಟ್ಟು ಓಡಿ! ಚೆನ್ನಾಗಿದ್ರೆ, ಬದುಕಿದ್ರೆ, ಕೈಯಲ್ಲಿರೋ ಪಾತ್ರೆ ಗೋಡೆ ಮೇಲೆ ಎತ್ತಿ ತೋರಿಸಿ!"

ಗಾಳಿ ಆ ಮಾತನ್ನು ಎತ್ತಿಕೊಂಡು ಊರಿನ ಮೇಲೆಲ್ಲ ತಿರುಗಿತು. ಶಾಲೆಯ ದಿಬ್ಬದ ಮೇಲೆ ನಿಂತಿದ್ದವರು ಸೊಸೆ ಅತ್ತೆಯನ್ನು ಮೈಕಿನಲ್ಲಿ ಬೈಯುವುದನ್ನು ಒದ್ದೆ ಬಟ್ಟೆಯ ಹಿಂದೆ ಬಾಯಿ ತೆರೆದುಕೊಂಡು ಕೇಳಿದರು.

ಪರದೆಯ ಮೇಲೆ ಗೋಡೆ ಹಾಗೇ ಇತ್ತು. ಹೊಗೆ ಹಾಗೇ ಇತ್ತು. ನಾಡಿಗೇರರ ಕೈ ಮುಳುಗಿಸುವ ಗುಂಡಿಯ ಮೇಲಿದೆಯೆಂದು ಮಂಗಳೆಗೆ ಗೊತ್ತಿತ್ತು.

"ಎತ್ತಿ ಅತ್ತೆ," ಎಂದಳು. ಬೈಗುಳ ಎಲ್ಲ ಮುಗಿದಿತ್ತು. "ದಮ್ಮಯ್ಯ, ಎತ್ತಿ."

ಗೋಡೆಯ ಹಿಂದಿನಿಂದ ಏನೋ ಹೊಳೆಯಿತು. ಮೊದಲು ಒಂದು ಅಂಚು. ಆಮೇಲೆ ಅರ್ಧ. ಆಮೇಲೆ ದುಂಡಗೆ ಪೂರ್ತಿ, ಬೆಳ್ಳಗೆ, ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ. ಹಸಿ ಕಲಾಯಿಯ ಪರಾತವನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಯಾರೋ ಗೋಡೆಯ ಮೇಲೆ ಎತ್ತಿದ್ದರು. ಅದರ ಪಕ್ಕದಲ್ಲಿ ಒಂದು ಮುದಿ ಕೈ ಎದ್ದು, ಬಳೆ ಜಾರಿಸಿಕೊಂಡು, ಕ್ಯಾಮೆರಾದ ಕಡೆಗೆ ಏನಾತು ಎನ್ನುವಂತೆ ತಿರುಗಿತು.

ಹುಬ್ಬಳ್ಳಿಯಿಂದ ದೀರ್ಘವಾದ ಒಂದು ಉಸಿರು ಕೇಳಿಸಿತು.

"ಏನ್ರೀ ಅದು, ಹಾಡಹಗಲ ಚಂದ್ರ?"

"ಹುಗ್ಗಿ ಪರಾತ ಸರ್."

"ಕಂಡೆ. ಇಬ್ಬರ ಕೈನೂ ಕಂಡೆ. ಮುಳುಗಸೂದಿಲ್ಲ. ಮೊದಲ ಆ ಭಟ್ಟಿ ಆರಸ್ರಿ ಮಾರಾಯ್ತಿ."

ಮಂಗಳೆ ಮೈಕಿನಲ್ಲಿ ಭಟ್ಟಿಗೆ ನೀರು ಹಾಕಿ ಎಂದಳು. ಹೊಗೆ ತೆಳುವಾಯಿತು. ಅಂಕೆ ಜಾರತೊಡಗಿ, ಜಾರಿ, ನಾಲ್ಕನೇ ಮೂಗು ಹಸಿರಾಯಿತು. ಒಲೆ ಬೆಚ್ಚಗೇ ಇತ್ತು, ತೊಟ್ಟಿ ತುಂಬಿಯೇ ಇತ್ತು. ಅವಳು ಕುರ್ಚಿಗೆ ಬಿದ್ದು ಅತ್ತಳು, ಅಳುತ್ತಲೇ ನಕ್ಕಳು, ಯಾರೂ ನೋಡುತ್ತಿಲ್ಲವೆಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಕಾರಣ ಏನಂತ ಹಾಕಲಿ?" ನಾಡಿಗೇರರು ಕೇಳಿದರು. ಅವರ ದನಿಯಲ್ಲಿ ಈಗ ನಗು ಇತ್ತು.

"ನನ್ನ ಕನ್ನಡ ಅಂತ ಹಾಕಿ ಸರ್."

ಅವಳು ಸ್ಕೂಟರಿನಲ್ಲಿ ಗಾಳಿಮರಿಗೆ ಹೋದಾಗ ನೀಲಗಂಗವ್ವ ಮತ್ತು ದಾವಲಸಾಬ ಗೋಡೆಗೆ ಒರಗಿ ಕೂತಿದ್ದರು. ಇಬ್ಬರ ಮೂಗಿಗೂ ಒದ್ದೆ ಬಟ್ಟೆ ಇತ್ತು. ಮಧ್ಯದಲ್ಲಿ ಪಾತ್ರೆಗಳು, ಒಂದು ಬಿಟ್ಟು ಎಲ್ಲವೂ ಬೆಳ್ಳಿಯ ಹಾಗೆ ಹೊಳೆಯುತ್ತ ಸಾಲಾಗಿದ್ದವು. ದಾವಲಸಾಬ ಎದ್ದು ನಿಂತು ಕೈ ಜೋಡಿಸಿದ.

"ತಪ್ಪಾತ್ರಿ ಬಾಯಾರ. ಬೆಂಕಿ ಹಚ್ಚಬ್ಯಾಡ್ರಿ ಅಂತ ಬೋರ್ಡ್ ಆ ಕಡೆ ಐತಿ. ಈ ಕಡೆ ಇಲ್ಲ. ಸೊಸಿನ ಹೇಳ್ಯಾಳ ಅಂದ್ರು ಅವ್ವಾರು, ನಾನೂ ಕುಂತೆ."

"ಭೋಂಗಾ ಕೂಗಿದಾಗ ಯಾಕೆ ಓಡಲಿಲ್ಲ ನೀವು?" ಎಂದಳು ಮಂಗಳೆ.

"ತವರ ಕರಗಿತ್ತವಾ," ಎಂದಳು ನೀಲಗಂಗವ್ವ, ಇದಕ್ಕಿಂತ ಹೆಚ್ಚಿನ ಉತ್ತರ ಯಾರಿಗೂ ಬೇಕಾಗದು ಎಂಬ ಹಾಗೆ. "ಕರಗಿದ ತವರ ಬಿಟ್ಟು ಹ್ಯಾಂಗ ಓಡೂದು? ನೀ ಕಲಿಸಿದಂಗ ಮೂಗಿಗೆ ಬಟ್ಟಿ ಕಟಗೊಂಡ್ವಿ. ಆತಲ್ಲ?"

ಊರಿನವರು ದಿಬ್ಬದಿಂದ ಇಳಿದು ಬಂದರು. ಮಧ್ಯಾಹ್ನ ಟ್ರ್ಯಾಕ್ಟರುಗಳು ಸಾಲುಗಟ್ಟಿದವು, ಗಾಳಿಗೊಬ್ಬರ ಹೇಳಿದ ಹೊತ್ತಿಗೆ ಹಳ್ಳಿಗಳಿಗೆ ಹೊರಟಿತು. ತುಂಬಿಸಲು ಬಂದ ಪ್ರತಿಯೊಬ್ಬನೂ ಗೋಡೆಯ ಕಡೆ ನೋಡಿ, "ಬದುಕಿದ್ರೆ ಪಾತ್ರೆ ಎತ್ತಿ ತೋರಿಸಿ" ಎಂದು ತಿಪಟೂರಿನ ರಾಗದಲ್ಲಿ ಅಂದು ನಗುತ್ತಿದ್ದ. ಮಂಗಳೆಗೆ ನೆಲ ಬಿರಿದು ನುಂಗಬಾರದೇ ಎನಿಸುತ್ತಿತ್ತು. ಆದರೂ ಒಳಗೊಳಗೇ ಹಗುರವಾಗಿತ್ತು, ಜ್ವರ ಬಿಟ್ಟ ಮೈಯ ಹಾಗೆ. ಸಂಜೆಯೊಳಗೆ ನಾಡಿಗೇರರು ಹುಬ್ಬಳ್ಳಿಯ ನಕ್ಷೆಯಲ್ಲಿ ನಾಲ್ಕನೇ ವಾಲ್ವ್ ಎಂಬುದರ ಕೆಳಗೆ ಗಾಳಿಮರಿ ಎಂದು ಬರೆಸಿದ್ದರು. ಉಳಿದ ವಾಲ್ವುಗಳಿಗೂ ಊರಿನ ಹೆಸರು ಕೇಳಿ ಕಳಿಸಿ ಎಂದಿದ್ದರು. ಗೋಡೆಯ ಆಚೆ ಮಗ್ಗುಲಿಗೂ ಒಂದು ಬೋರ್ಡು ಬಂತು.

ಸಂಜೆ ಮನೆಯಲ್ಲಿ ನೀಲಗಂಗವ್ವ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಇಡುತ್ತಿದ್ದಳು. ಮಂಗಳೆ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬೈದದ್ದಕ್ಕೆ ಅತ್ತೆ ಸಿಟ್ಟಾಗಿದ್ದಾಳೆಂದು ಮಂಗಳೆ ತಿಳಿದಿದ್ದಳು. ಮಂಗಳೆಯನ್ನು ಕೊರೆಯುತ್ತಿದ್ದದ್ದು ಮಾತ್ರ ಬೇರೆ. ಅದನ್ನು ನೀಲಗಂಗವ್ವನೇ ಎತ್ತಿದಳು.

"ನಾ ಅಲ್ಲಿ ಅದೀನಿ ಅಂತ ಗೊತ್ತಾದ ಮ್ಯಾಲೂ ಮುಳುಗಿಸಬ್ಯಾಡ್ರಿ ಅಂದ್ಯಂತ ಸಾಹೇಬ್ರಿಗೆ. ಫಕೀರೇಶ ಫೋನಿನ್ಯಾಗ ಕೇಳಿದ್ನಂತ."

ಬೆಳ್ಳುಳ್ಳಿ ಕೈಯಲ್ಲೇ ನಿಂತಿತು. "ಹೂಂ ಅತ್ತೆ. ಕಲಾಯಿ ಅಂತ ನನಗೆ ಅನ್ನಿಸ್ತು. ಆದರೆ... ಅನ್ನಿಸಿದ್ದು ಅಷ್ಟೇ. ನಾನು ತಪ್ಪಾಗಿದ್ದಿದ್ರೆ ನೀವು..." ಸುಲಿದ ಎಸಳನ್ನೇ ಮತ್ತೆ ಸುಲಿಯತೊಡಗಿದಳು. "ನೀವು ಅಲ್ಲಿ ಹೆದರಿಕೊಂಡು ಕೂತಿದ್ರೇನೋ. ನಾನು ಬೈದೆ ಬೇರೆ. ಊರೆಲ್ಲ ಕೇಳೋ ಹಾಗೆ ಬೈದೆ."

ನೀಲಗಂಗವ್ವ ಪರಾತವನ್ನು ದೀಪಕ್ಕೆ ಹಿಡಿದು ನೋಡಿದಳು. ಒಂದೇ ಒಂದು ನೀಲಿ ಕಲೆ ಉಳಿದಿರಲಿಲ್ಲ.

"ಅಂಜಿದ್ದೆ," ಎಂದಳು. "ಭೋಂಗಾ ಕೂಗಿದಾಗ ಇವತ್ತಿಗೆ ನಂದು ಮುಗೀತು ಅಂತ ದಾವಲಸಾಬಗ ಅಂದೆ. ಅಷ್ಟರಾಗ ನೀ ಮೈಕಿನ್ಯಾಗ ಬೈಯಾಕ ಹತ್ತಿದಿ. ಆವಾಗ ಅಂಜಿಕಿ ಹೋತು."

"ಬೈದಿದ್ದಕ್ಕಾ?"

"ಮತ್ತ? ಸಾಯೋರಿಗೆ ಯಾರರ ಬೈತಾರೇನ, ಹುಚ್ಚಿ?"

ಪರಾತವನ್ನು ಸೊಸೆಯ ತೊಡೆಯ ಮೇಲೆ ಇಟ್ಟು, ಬೆಳ್ಳುಳ್ಳಿಯ ಸಿಪ್ಪೆಯನ್ನು ಅದರೊಳಗೆ ಹಾಕಬೇಡವೆಂದು ಗದರಿ, ನೀಲಗಂಗವ್ವ ಗೋಧಿ ನೆನೆಹಾಕಲು ಎದ್ದಳು.